ನೀರು, ವಿದ್ಯುತ್ತು, ಇಂಟರ್ನೆಟ್ ಎಲ್ಲ ಸೇರಿದ ಬಾಡಿಗೆ: ವಿದ್ಯಾರ್ಥಿಗಳಿಗೆ ಇದು ನಿಜಕ್ಕೂ ಅನುಕೂಲವೇ?

ಪ್ರಶ್ನೆ – ಸ್ನಾತಕೋತ್ತರ ವಿದ್ಯಾರ್ಥಿನಿ

ನಮಸ್ಕಾರ. ಸ್ನಾತಕೋತ್ತರ ಪದವಿಗೆ ಪ್ರವೇಶ ದೊರೆತಿರುವುದರಿಂದ ಇನ್ನೆರಡು ತಿಂಗಳಲ್ಲಿ ನಾನು ದೊಡ್ಡ ನಗರವೊಂದಕ್ಕೆ ಹೋಗಿ ನೆಲೆಸಬೇಕಾಗಿದೆ. ಇದುವರೆಗೆ ಮನೆಯಲ್ಲೇ ಇದ್ದು ಓದಿದವಳಾದ್ದರಿಂದ ಬಾಡಿಗೆ ಕರಾರು, ಮುಂಗಡ, ಮೀಟರ್ ಮುಂತಾದವುಗಳ ಅನುಭವ ನನಗಿಲ್ಲ. ಸಹಪಾಠಿಯೊಬ್ಬಳ ಜೊತೆ ಸೇರಿ ಎರಡು ಮಲಗುವ ಕೋಣೆಗಳಿರುವ ಅಪಾರ್ಟ್‌ಮೆಂಟ್ ಹಿಡಿಯಬೇಕೆಂದು ನಿಶ್ಚಯಿಸಿದ್ದೇವೆ.

ಹುಡುಕಿ ಹುಡುಕಿ ಕೊನೆಗೆ ಎರಡು ಮನೆಗಳು ಉಳಿದಿವೆ. ಎರಡೂ ಕಾಲೇಜಿನಿಂದ ಒಂದೇ ದೂರದಲ್ಲಿವೆ, ವಿಸ್ತೀರ್ಣವೂ ಹೆಚ್ಚು ಕಡಿಮೆ ಒಂದೇ. ಮೊದಲನೆಯದರಲ್ಲಿ ವಿದ್ಯುತ್ತು, ನೀರು, ಬಿಸಿನೀರು, ಇಂಟರ್ನೆಟ್ ಎಲ್ಲವೂ ಬಾಡಿಗೆಯಲ್ಲೇ ಸೇರಿವೆ. ಎರಡನೆಯದರಲ್ಲಿ ಬಾಡಿಗೆ ಕಡಿಮೆ, ಆದರೆ ಪ್ರತಿಯೊಂದು ಬಿಲ್ಲನ್ನೂ ನಾವೇ ಕಟ್ಟಬೇಕು. ಎರಡನೆಯ ಮನೆಯ ಬಾಡಿಗೆಯನ್ನು 100 ಎಂದಿಟ್ಟುಕೊಂಡರೆ ಮೊದಲನೆಯದರ ಬಾಡಿಗೆ 118 ಆಗುತ್ತದೆ. ಎರಡಕ್ಕೂ ಕರಾರಿನ ಅವಧಿ 12 ತಿಂಗಳು. ವರ್ಷದಲ್ಲಿ ಸುಮಾರು ಎರಡು ತಿಂಗಳು ನಾವಿಬ್ಬರೂ ರಜೆಯಲ್ಲಿ ಊರಿಗೆ ಹೋಗಿರುತ್ತೇವೆ.

ನನ್ನ ಮನಸ್ಸು ಮೊದಲನೆಯ ಮನೆಯ ಕಡೆಗಿದೆ. ತಿಂಗಳಿಗೊಮ್ಮೆ ಒಂದೇ ಮೊತ್ತ ಕೊಟ್ಟು ಓದಿನ ಕಡೆ ಗಮನ ಹರಿಸಬಹುದು. ಖರ್ಚು ಎಷ್ಟಾಗುತ್ತದೆಂದು ಮನೆಯವರಿಗೂ ಮೊದಲೇ ಖಚಿತವಾಗಿ ಹೇಳಬಹುದು. ಆದರೆ ಅವರು ಕಳುಹಿಸಿದ ಕರಾರಿನ ಕರಡಿನಲ್ಲಿ ಈ ಕುರಿತು ಇರುವುದು ಒಂದೇ ವಾಕ್ಯ: “ಬಾಡಿಗೆಯಲ್ಲಿ ಎಲ್ಲ ಸೌಲಭ್ಯಗಳೂ ಸೇರಿರುತ್ತವೆ, ಬಳಕೆಯು ಸಮಂಜಸವಾಗಿರತಕ್ಕದ್ದು.” ಈ “ಸಮಂಜಸ” ಎಂಬ ಪದವನ್ನು ಓದಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ಎಷ್ಟು ಬಳಸಿದರೆ ಸಮಂಜಸ, ಎಷ್ಟಕ್ಕೆ ಅತಿಯಾಗುತ್ತದೆ, ಅದನ್ನು ನಿರ್ಧರಿಸುವವರು ಯಾರು? ಸಹಿ ಹಾಕುವ ಮೊದಲು ನಾನು ಏನೇನು ಕೇಳಿ ತಿಳಿದುಕೊಳ್ಳಬೇಕು? ಇಂಥ ಮನೆಗಳಲ್ಲಿ ಇದ್ದವರು, ಇಂಥ ಮನೆಗಳನ್ನು ಬಾಡಿಗೆಗೆ ಕೊಟ್ಟವರು ದಯವಿಟ್ಟು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ – ಮೂರು ವರ್ಷ ಇಂಥ ಮನೆಯಲ್ಲಿದ್ದ ಹಳೆಯ ವಿದ್ಯಾರ್ಥಿ

ನಿಮಗೆ ನೆಮ್ಮದಿ ತಪ್ಪಿದ್ದು ಸರಿಯಾದ ಪದವನ್ನು ಓದಿಯೇ. ಅದೇ ಪದ ನನ್ನ ಮುಂಗಡದ ದೊಡ್ಡ ಭಾಗವನ್ನು ಕಳೆದಿತ್ತು. ನಾವು ನಾಲ್ವರು ಸೇರಿ ಎಲ್ಲ ಸೇರಿದ ಬಾಡಿಗೆಯ ಮನೆಯೊಂದರಲ್ಲಿದ್ದೆವು. ಮೊದಲ ವರ್ಷ ಯಾರೂ ಏನೂ ಹೇಳಲಿಲ್ಲ. ಎರಡನೆಯ ವರ್ಷದ ಚಳಿಗಾಲದಲ್ಲಿ ಪರೀಕ್ಷೆಗೆ ಓದುವಾಗ ಕೋಣೆಗೊಂದರಂತೆ ಹೀಟರ್ ಇಟ್ಟುಕೊಂಡೆವು; ಆಗಲೂ ಯಾರೂ ಏನೂ ಹೇಳಲಿಲ್ಲ. ಮೂರನೆಯ ವರ್ಷ ಮನೆ ಬಿಡುವ ದಿನ ಮಾತ್ರ “ಅತಿ ಬಳಕೆ” ಎಂಬ ಒಂದೇ ಸಾಲಿನ ಲೆಕ್ಕ ತೋರಿಸಿ ಮುಂಗಡದಿಂದ ಹಣ ಹಿಡಿದುಕೊಂಡರು. ನಾವು ಎಷ್ಟು ಬಳಸಿದ್ದೆವು ಎಂಬುದಕ್ಕೆ ಅವರ ಬಳಿ ಮಾಸಿಕ ದಾಖಲೆ ಇರಲಿಲ್ಲ, ನಮ್ಮ ಬಳಿಯೂ ಇರಲಿಲ್ಲ. ಹಣ ಅವರ ಕೈಯಲ್ಲಿದ್ದುದರಿಂದ ಅವರ ಮಾತೇ ನಡೆಯಿತು. ಅವರು ಮೋಸ ಮಾಡಿದರು ಎಂದು ನಾನು ಇಂದಿಗೂ ಹೇಳಲಾರೆ. ಆ ತಿಂಗಳುಗಳಲ್ಲಿ ಬಿಲ್ಲು ನಿಜವಾಗಿಯೂ ಹೆಚ್ಚು ಬಂದಿರಬಹುದು. ಆದರೆ ಎಷ್ಟು ಹೆಚ್ಚು ಎಂಬುದನ್ನು ಅಳೆಯಲು ಇಬ್ಬರಿಗೂ ಸಮಾನವಾದ ಅಳತೆಗೋಲೇ ಇರಲಿಲ್ಲ.

ಆದ್ದರಿಂದ ಆ ವಾಕ್ಯದ ಎರಡನೆಯ ಭಾಗವನ್ನು ತೆಗೆಸಿ, ಅಲ್ಲಿ ಒಂದು ಸಂಖ್ಯೆಯನ್ನು ಬರೆಸಿರಿ. ವಿದ್ಯುತ್ತಿಗೆ ಇಷ್ಟು ಯೂನಿಟ್, ನೀರಿಗೆ ಇಷ್ಟು ಲೀಟರ್ ಎಂದು ಸ್ಪಷ್ಟವಾಗಿರಲಿ. ಆ ಮಿತಿ ಇಡೀ ಮನೆಗೋ ತಲೆಗೋ ಎಂಬುದನ್ನೂ ಬರೆಸಬೇಕು. ಮಿತಿಯನ್ನು ತಿಂಗಳ ಲೆಕ್ಕದಲ್ಲಿ ಹಿಡಿಯುತ್ತಾರೋ ವರ್ಷದ ಲೆಕ್ಕದಲ್ಲಿ ಹಿಡಿಯುತ್ತಾರೋ ಎಂಬುದು ಇನ್ನೂ ಮುಖ್ಯ. ತಿಂಗಳ ಮಿತಿಯಾದರೆ ಚಳಿಯ ಅಥವಾ ಸೆಖೆಯ ಎರಡು ತಿಂಗಳಲ್ಲಿ ದಾಟಿದ್ದಕ್ಕೆ ದಂಡ ಬೀಳುತ್ತದೆ, ನೀವು ಊರಲ್ಲಿದ್ದ ಎರಡು ತಿಂಗಳಲ್ಲಿ ಉಳಿಸಿದ್ದು ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ವರ್ಷದ ಮಿತಿಯಾದರೆ ಉಳಿಸಿದ್ದೂ ದಾಟಿದ್ದೂ ಒಂದಕ್ಕೊಂದು ಸರಿದೂಗುತ್ತವೆ.

ಮಿತಿ ದಾಟಿದ ಮೇಲಿನ ಪ್ರತಿ ಯೂನಿಟ್‌ಗೆ ಯಾವ ದರ ಹಾಕುತ್ತಾರೆಂದೂ ಕೇಳಿರಿ. ಬಳಕೆ ಏರಿದಂತೆ ಯೂನಿಟ್ ದರವೂ ಹಂತಹಂತವಾಗಿ ಏರುವ ಪದ್ಧತಿ ಹಲವೆಡೆ ಇದೆ. ಒಂದೇ ಮೀಟರಿನಲ್ಲಿ ಹಲವು ಮನೆಗಳ ಬಳಕೆ ಸೇರಿದ್ದರೆ, ನೀವು ಕಡಿಮೆ ಬಳಸಿದರೂ ಒಟ್ಟು ಬಳಕೆ ಮೇಲಿನ ಹಂತಕ್ಕೆ ಹೋಗಿ, ನಿಮಗೂ ಆ ಹೆಚ್ಚಿನ ದರವೇ ಬೀಳುತ್ತದೆ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದುದಕ್ಕೆ ಕೃತಜ್ಞಳಾಗಿದ್ದೇನೆ. ನೀವು ಹೇಳಿದಂತೆ ಮಾಲೀಕರಿಗೆ ಕರೆ ಮಾಡಿ ಕೇಳಿದೆ. ಇಡೀ ಮನೆಗೆ ತಿಂಗಳಿಗೆ 150 ಯೂನಿಟ್ ವಿದ್ಯುತ್ತು ಎಂದರು, ನೀರಿಗೆ ಮಿತಿಯಿಲ್ಲವಂತೆ. ಇಬ್ಬರು ವಿದ್ಯಾರ್ಥಿನಿಯರಿಗೆ 150 ಯೂನಿಟ್ ಧಾರಾಳವಾಗಿ ಸಾಕಾಗುತ್ತದೆ ಎಂದೂ ಹೇಳಿದರು. ಅಡುಗೆ ಒಲೆ ಮತ್ತು ಗೀಸರ್ ಎರಡೂ ವಿದ್ಯುತ್ತಿನವೇ. 150 ಯೂನಿಟ್ ಎಂದರೆ ಹೆಚ್ಚೋ ಕಡಿಮೆಯೋ ಎಂದು ಅಂದಾಜಿಸಲು ನನಗೆ ಸಾಧ್ಯವಾಗುತ್ತಿಲ್ಲ.

ಉತ್ತರ – ವಿದ್ಯುತ್ ಎಂಜಿನಿಯರಿಂಗ್ ಓದಿದವರು

ಲೆಕ್ಕ ಕಷ್ಟದ್ದೇನಲ್ಲ. ಒಂದು ಯೂನಿಟ್ ಎಂದರೆ 1,000 ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದಾಗ ಖರ್ಚಾಗುವ ವಿದ್ಯುತ್ತು. ಹಾಗಾಗಿ ಉಪಕರಣದ ವ್ಯಾಟನ್ನು ನಡೆದ ಗಂಟೆಗಳಿಂದ ಗುಣಿಸಿ 1,000ದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ.

9 ವ್ಯಾಟ್‌ನ ಎಲ್‌ಇಡಿ ದೀಪ ದಿನಕ್ಕೆ ಆರು ಗಂಟೆ ಉರಿದರೂ ತಿಂಗಳಿಗೆ ಎರಡು ಯೂನಿಟ್ ಆಗುವುದಿಲ್ಲ. ಐದು ದೀಪಗಳಿಗೆ ಸುಮಾರು 8 ಯೂನಿಟ್. 50 ವ್ಯಾಟ್‌ನ ಲ್ಯಾಪ್‌ಟಾಪ್ ದಿನಕ್ಕೆ ಹತ್ತು ಗಂಟೆ ನಡೆದರೆ ತಿಂಗಳಿಗೆ 15, ಇಬ್ಬರದೂ ಸೇರಿ 30. ಸಾಧಾರಣ ಫ್ರಿಡ್ಜ್ ದಿನಕ್ಕೆ ಸುಮಾರು ಒಂದು ಯೂನಿಟ್‌ನಂತೆ ತಿಂಗಳಿಗೆ 30 ತೆಗೆದುಕೊಳ್ಳುತ್ತದೆ ಎಂದುಕೊಳ್ಳೋಣ. ವಿದ್ಯುತ್ ಒಲೆಯನ್ನು ಸರಾಸರಿ 1,000 ವ್ಯಾಟ್‌ನಲ್ಲಿ ದಿನಕ್ಕೆ ಒಂದು ಗಂಟೆ ಬಳಸಿದರೆ ಅದೂ 30. ವಾಷಿಂಗ್ ಮಷೀನಿಗೆ, ತಣ್ಣೀರಿನಲ್ಲಿ ಒಗೆಯುವುದಾದರೆ, ತಿಂಗಳಿಗೆ 4 ಯೂನಿಟ್ ಸಾಕು. ಇಲ್ಲಿಯವರೆಗೆ 102 ಆಯಿತು.

ನಿಜವಾದ ಹೊರೆ ಬರುವುದು ಬಿಸಿನೀರಿನಿಂದ. ಷವರಿನಲ್ಲಿ ನಿಮಿಷಕ್ಕೆ 10 ಲೀಟರ್ ನೀರು ಬರುತ್ತದೆ, ಸ್ನಾನ ಆರು ನಿಮಿಷದ್ದು ಎಂದಿಟ್ಟುಕೊಂಡರೆ 60 ಲೀಟರ್. ನಲ್ಲಿಯ ನೀರು 15 ಡಿಗ್ರಿ ಇದ್ದು ಅದನ್ನು 40 ಡಿಗ್ರಿಗೆ ಏರಿಸಬೇಕಾದರೆ ಸುಮಾರು 1.74 ಯೂನಿಟ್ ಬೇಕು. ಇಬ್ಬರಿಗೆ ತಿಂಗಳಿಗೆ 104 ಯೂನಿಟ್! ಒಟ್ಟು 206. ಇದರಲ್ಲಿ ಹೀಟರನ್ನಾಗಲಿ ಏಸಿಯನ್ನಾಗಲಿ ನಾನು ಸೇರಿಸಿಯೇ ಇಲ್ಲ. 2,000 ವ್ಯಾಟ್‌ನ ಕೋಣೆಯ ಹೀಟರನ್ನು ದಿನಕ್ಕೆ ಐದು ಗಂಟೆ ಎಡೆಬಿಡದೆ ಉರಿಸಿದರೆ ಅದೊಂದೇ ತಿಂಗಳಿಗೆ 300 ಯೂನಿಟ್ ಎಳೆಯುತ್ತದೆ. ಮೇಲೆ ಬರೆದ ಹಳೆಯ ವಿದ್ಯಾರ್ಥಿಯ ಮನೆಯಲ್ಲಿ ನಡೆದದ್ದು ಇದೇ ಇರಬೇಕು.

ಆದ್ದರಿಂದ 150 ಯೂನಿಟ್ ನಿಮಗೆ ಸಾಲುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ದುಂದು ಮಾಡದೆ, ದಿನಕ್ಕೊಮ್ಮೆ ಸ್ನಾನ ಮಾಡಿ, ಮನೆಯಲ್ಲೇ ಅಡುಗೆ ಮಾಡಿಕೊಂಡು ಓದುವ ಇಬ್ಬರಿಗೆ ಆ ಮಿತಿ ದಾಟುತ್ತದೆ. ನಲ್ಲಿಯ ನೀರು ಬೆಚ್ಚಗಿರುವ ತಿಂಗಳುಗಳಲ್ಲಿ ಬಿಸಿನೀರಿನ ಭಾಗ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೂ ಮಿತಿಯನ್ನು ಹೆಚ್ಚಿಸಲು ಕೇಳಿರಿ.

ಮೀಟರಿನ ಬಗ್ಗೆಯೂ ಒಂದು ಮಾತು. ನಿಮ್ಮ ಮನೆಗೆ ಪ್ರತ್ಯೇಕ ಮೀಟರ್ ಇಲ್ಲದೆ ಯೂನಿಟ್ ಮಿತಿ ಹೇಳುವುದಕ್ಕೆ ಅರ್ಥವಿಲ್ಲ, ಆದ್ದರಿಂದ ಅದು ಎಲ್ಲಿದೆ ಎಂದು ತೋರಿಸಲು ಹೇಳಿರಿ. ತೋರಿಸಿದ ಮೇಲೆ ಮನೆಯೊಳಗಿನ ಎಲ್ಲ ಸ್ವಿಚ್‌ಗಳನ್ನೂ ಆರಿಸಿ, ಫ್ರಿಡ್ಜಿನ ಪ್ಲಗ್ಗನ್ನೂ ತೆಗೆದು, ಮೀಟರಿನ ಮುಂದೆ ಕೆಲವು ನಿಮಿಷ ನಿಲ್ಲಿರಿ. ಆಗಲೂ ಅದು ಓಡುತ್ತಿದ್ದರೆ ಮೆಟ್ಟಿಲಿನ ದೀಪವೋ ನೀರಿನ ಪಂಪೋ ಪಕ್ಕದ ಕೋಣೆಯೋ ನಿಮ್ಮ ಲೆಕ್ಕಕ್ಕೆ ಸೇರಿಕೊಂಡಿದೆ ಎಂದು ತಿಳಿಯಬಹುದು.

ಮೀಟರ್ ಸರಿಯಾಗಿ ಅಳೆಯುತ್ತಿದೆಯೇ ಎಂಬುದನ್ನೂ ಸ್ಥೂಲವಾಗಿ ಪರೀಕ್ಷಿಸಬಹುದು. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಬಾರಿ ಅದರ ಚಿಕ್ಕ ಕೆಂಪು ದೀಪ ಮಿನುಗುತ್ತದೆ ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಅದು 3,200 ಇದ್ದರೆ, ಬೇರೆಲ್ಲವನ್ನೂ ಆರಿಸಿ 1,500 ವ್ಯಾಟ್‌ನ ನೀರು ಕಾಯಿಸುವ ಕೆಟಲನ್ನು ಮಾತ್ರ ಒಂದು ನಿಮಿಷ ಹಾಕಿದಾಗ ಸುಮಾರು 80 ಬಾರಿ ಮಿನುಗಬೇಕು. 75 ಅಥವಾ 85 ಬಂದರೆ ಚಿಂತೆಯಿಲ್ಲ, ಏಕೆಂದರೆ ಕೆಟಲ್ ಕೂಡ ನಿಖರವಾಗಿ 1,500 ವ್ಯಾಟ್ ತೆಗೆದುಕೊಳ್ಳುವುದಿಲ್ಲ. 120 ಬಂದರೆ ಮಾತ್ರ ಕರಾರಿಗೆ ಸಹಿ ಹಾಕುವ ಮೊದಲೇ ಆ ಮಾತನ್ನು ಎತ್ತಿರಿ.

ಉತ್ತರ – ಬೇರೆ ಬೇರೆ ಬಿಲ್ಲು ಕಟ್ಟುವ ಮನೆಯಲ್ಲಿರುವವರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎರಡು ತಿಂಗಳು ಮನೆ ಖಾಲಿಯಿರುತ್ತದೆ ಎಂದು ನೀವೇ ಬರೆದಿದ್ದೀರಿ. ಹಾಗಿರುವಾಗ ವರ್ಷದ ಲೆಕ್ಕ ಹಾಕದೆ ತಿಂಗಳ ಲೆಕ್ಕದಿಂದ ನಿರ್ಧಾರಕ್ಕೆ ಬರಬಾರದು.

ಎಲ್ಲ ಸೇರಿದ ಮನೆಗೆ ತಿಂಗಳಿಗೆ 118ರಂತೆ 12 ತಿಂಗಳಿಗೆ 1,416 ಕೊಡುತ್ತೀರಿ. ಎರಡನೆಯ ಮನೆಗೆ ಬಾಡಿಗೆ 1,200. ನೀವು ಇರುವ ಹತ್ತು ತಿಂಗಳಲ್ಲಿ ಬಿಲ್ಲುಗಳು ತಿಂಗಳಿಗೆ 15 ಆಗುತ್ತವೆ, ಊರಲ್ಲಿರುವ ಎರಡು ತಿಂಗಳಲ್ಲಿ ಬಳಸಿದರೂ ಬಳಸದಿದ್ದರೂ ಕೊಡಲೇಬೇಕಾದ ನಿಗದಿತ ಶುಲ್ಕ ತಿಂಗಳಿಗೆ 3 ಆಗುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 1,356. ವ್ಯತ್ಯಾಸ 60, ಅಂದರೆ ಅರ್ಧ ತಿಂಗಳ ಬಾಡಿಗೆಗಿಂತ ಹೆಚ್ಚು. ಇದೇ ನಿಗದಿತ ಶುಲ್ಕವನ್ನು ಇಟ್ಟುಕೊಂಡು ನೋಡಿದರೆ, ನೀವು ಮನೆಯಲ್ಲಿರುವ ತಿಂಗಳುಗಳ ಬಿಲ್ಲು 21 ಆದಾಗ ಎರಡೂ ಮನೆಗಳು ಸಮವಾಗುತ್ತವೆ. ಅದಕ್ಕಿಂತ ಹೆಚ್ಚು ಬಳಸುವವರಿಗೆ ಮಾತ್ರ ಎಲ್ಲ ಸೇರಿದ ಬಾಡಿಗೆಯಿಂದ ಲಾಭ. ಆದರೆ 150 ಯೂನಿಟ್‌ನ ಮಿತಿ ಇರುವಾಗ ಅಷ್ಟು ಬಳಸಲು ಅವರು ಬಿಡುವುದಿಲ್ಲ. 15 ಮತ್ತು 3 ಎಂಬವು ನನ್ನ ಊಹೆಗಳು. ಆ ಜಾಗದಲ್ಲಿ ನಿಮ್ಮ ನಗರದ ನಿಜವಾದ ಅಂಕಿಗಳನ್ನು ಇಟ್ಟು ಮತ್ತೆ ಲೆಕ್ಕ ಮಾಡಿರಿ.

ಹೆಚ್ಚಿನವರು ಗಮನಿಸದ ಇನ್ನೊಂದು ವಿಷಯವಿದೆ. ಬ್ಯಾಂಕ್ ಖಾತೆ ತೆರೆಯುವಾಗ ಅಥವಾ ಗುರುತಿನ ಚೀಟಿಯಲ್ಲಿ ವಿಳಾಸ ಬದಲಿಸುವಾಗ ವಿದ್ಯುತ್ ಅಥವಾ ನೀರಿನ ಬಿಲ್ಲನ್ನು ವಿಳಾಸದ ಪುರಾವೆಯಾಗಿ ಕೇಳುವುದುಂಟು. ಎಲ್ಲ ಸೇರಿದ ಮನೆಯಲ್ಲಿ ಯಾವ ಬಿಲ್ಲೂ ನಿಮ್ಮ ಹೆಸರಿನಲ್ಲಿರುವುದಿಲ್ಲ. ಆ ಮನೆಯನ್ನೇ ಹಿಡಿಯುವುದಾದರೆ ಕರಾರುಪತ್ರದಲ್ಲಿ ಇಬ್ಬರ ಹೆಸರೂ ಪೂರ್ಣ ವಿಳಾಸವೂ ಇರಲಿ, ಬಾಡಿಗೆಗೆ ಪ್ರತಿ ತಿಂಗಳೂ ರಸೀದಿ ಪಡೆಯಿರಿ.

ಉತ್ತರ – ವಿದ್ಯಾರ್ಥಿಗಳಿಗೆ ಮನೆ ಬಾಡಿಗೆಗೆ ಕೊಡುತ್ತಿರುವ ಗೃಹಿಣಿ

ಮಾಲೀಕರ ಕಡೆಯಿಂದಲೂ ಯಾರಾದರೂ ಬರೆಯಲೆಂದು ಆ ಹುಡುಗಿ ಕೇಳಿರುವುದರಿಂದ ಬರೆಯುತ್ತಿದ್ದೇನೆ. ನನ್ನ ಎರಡು ಮನೆಗಳಲ್ಲಿ ವಿದ್ಯಾರ್ಥಿಗಳೇ ಇದ್ದಾರೆ, ಬಾಡಿಗೆಯೂ ಎಲ್ಲ ಸೇರಿದ್ದೇ.

ಬಾಡಿಗೆಯಲ್ಲಿ ಬಿಲ್ಲಿನ ಪಾಲು ಎಷ್ಟೆಂದು ನಾವು ನಿರ್ಧರಿಸುವ ಬಗೆ ಸರಳವಾಗಿದೆ. ಹಿಂದಿನ 12 ತಿಂಗಳ ಬಿಲ್ಲುಗಳನ್ನು ಕೂಡಿಸಿ 12ರಿಂದ ಭಾಗಿಸುತ್ತೇವೆ, ಅದರ ಮೇಲೆ ಒಂದಿಷ್ಟು ಸೇರಿಸುತ್ತೇವೆ. ಸೇರಿಸುವುದೇಕೆಂದರೆ ವರ್ಷದ ನಡುವೆ ದರ ಏರಿದರೆ ಆ ಹೊರೆ ನಮ್ಮ ಮೇಲೇ ಬೀಳುತ್ತದೆ, ಮತ್ತು ಮುಂದೆ ಬರುವವರು ಹೇಗೆ ಬಳಸುತ್ತಾರೋ ನಮಗೆ ತಿಳಿದಿರುವುದಿಲ್ಲ. ಕಿಟಕಿ ತೆರೆದಿಟ್ಟು ಹೀಟರ್ ಹಾಕಿಕೊಂಡು ಇಡೀ ದಿನ ಹೊರಗೆ ಹೋದವರನ್ನು ನಾನು ನೋಡಿದ್ದೇನೆ. ಮಿತಿ ಹಾಕುವುದು ಅಂಥವರಿಗಾಗಿ. ಸರಿಯಾಗಿ ಬಳಸುವವರನ್ನು ಅದರಲ್ಲಿ ಸಿಲುಕಿಸುವುದು ಮಾತ್ರ ತಪ್ಪು.

ಈಗ ನಿಮಗೆ ಒಂದು ದಾರಿ ಹೇಳುತ್ತೇನೆ. ಮಾಲೀಕರ ಬಳಿ ಮಿತಿಯ ಬಗ್ಗೆ ವಾದ ಮಾಡುವ ಬದಲು ಹಿಂದಿನ 12 ತಿಂಗಳ ವಿದ್ಯುತ್ ಬಿಲ್ಲುಗಳನ್ನು ತೋರಿಸಬೇಕೆಂದು ವಿನಯದಿಂದ ಕೇಳಿರಿ. ನಾನಂತೂ ಕೇಳಿದವರಿಗೆ ಸಂತೋಷದಿಂದ ತೋರಿಸುತ್ತೇನೆ, ಏಕೆಂದರೆ ಬಿಲ್ಲು ಕೇಳುವವರು ಮನೆಯನ್ನೂ ಜೋಪಾನವಾಗಿ ನೋಡಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ. ಹಿಂದೆ ಇದ್ದವರು ಎಷ್ಟು ಬಳಸಿದ್ದರು ಎಂಬುದು ಅದರಲ್ಲೇ ಗೊತ್ತಾಗುತ್ತದೆ. ತೋರಿಸಲು ಒಪ್ಪದಿದ್ದರೆ ಅದರಿಂದಲೂ ನಿಮಗೆ ಏನೋ ಒಂದು ತಿಳಿದಂತಾಗುತ್ತದೆ.

ಮೇಲೆ ಒಬ್ಬರು ಹಾಕಿರುವ ವರ್ಷದ ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದರಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಬಿಲ್ಲು ಯಾರು ಕಟ್ಟುತ್ತಾರೋ ಅವರಿಗೇ ಸೋರಿಕೆಯ ಚಿಂತೆ ಇರುತ್ತದೆ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ, ನಾಲ್ಕು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ, ದಿನಕ್ಕೆ 21 ಲೀಟರಿಗಿಂತ ಹೆಚ್ಚು ನೀರು ಹೋಗುತ್ತದೆ. ಶೌಚಾಲಯದ ತೊಟ್ಟಿ ಸೋರತೊಡಗಿದರಂತೂ ದಿನಕ್ಕೆ ನೂರಾರು ಲೀಟರ್ ಸದ್ದಿಲ್ಲದೆ ಹರಿದುಹೋಗಬಹುದು. ಬಿಲ್ಲು ನನ್ನದಾದ ಕಾರಣ ಬಾಡಿಗೆದಾರರು ತಿಳಿಸಿದ ಮರುದಿನವೇ ನಾನು ಕೊಳಾಯಿ ಕೆಲಸದವರನ್ನು ಕರೆಸುತ್ತೇನೆ. ಬಿಲ್ಲು ಬಾಡಿಗೆದಾರರದಾಗಿದ್ದರೆ ಅಷ್ಟೇ ಬೇಗ ಕರೆಸುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡರೆ, ಪ್ರಾಮಾಣಿಕವಾಗಿ ಹೌದೆನ್ನಲು ನನಗೆ ಧೈರ್ಯ ಬರುವುದಿಲ್ಲ. ಹಳೆಯ ಫ್ರಿಡ್ಜ್ ಬದಲಿಸುವ ವಿಷಯವೂ ಹೀಗೆಯೇ.

ಎರಡನೆಯ ಮನೆಯನ್ನು ಆರಿಸುವುದಾದರೆ ಇವುಗಳನ್ನು ನೀವೇ ಪರೀಕ್ಷಿಸಬೇಕಾಗುತ್ತದೆ. ಶೌಚಾಲಯದ ತೊಟ್ಟಿಯೊಳಗೆ ಸ್ವಲ್ಪ ಬಣ್ಣ ಹಾಕಿ, ನೀರು ಬಿಡದೆ ಕಾಲು ಗಂಟೆ ಕಾಯಿರಿ. ಬಣ್ಣ ಕೆಳಗಿನ ಬೋಗುಣಿಯಲ್ಲಿ ಕಾಣಿಸಿಕೊಂಡರೆ ತೊಟ್ಟಿ ಸೋರುತ್ತಿದೆ. ಫ್ರಿಡ್ಜಿನ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಹೊರಗೆ ಬಂದರೆ ಅಂಚಿನ ರಬ್ಬರ್ ಸಡಿಲವಾಗಿದೆ ಎಂದರ್ಥ. ಇನ್ನು, ಯಾವ ಮನೆಯೇ ಆಗಲಿ, ನೀರು ಕಾಯಿಸುವುದು ಗ್ಯಾಸಿನಿಂದಾದರೆ ಆ ಗೀಸರ್ ಗಾಳಿಯಾಡದ ಸ್ನಾನದ ಕೋಣೆಯೊಳಗೆ ಇರಲೇಬಾರದು. ಅದರಿಂದ ಹೊರಬರಬಹುದಾದ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಪ್ರಾಣಕ್ಕೇ ಅಪಾಯ. ನಿಮ್ಮದು ವಿದ್ಯುತ್ತಿನದು ಎಂದಿರುವುದರಿಂದ ಸಮಾಧಾನ, ಆದರೂ ಇದನ್ನು ಓದುವ ಬೇರೆ ಮಕ್ಕಳಿಗಾಗಿ ಬರೆದಿದ್ದೇನೆ.

ಪ್ರಶ್ನೆ ಕೇಳಿದವರು

ಅಮ್ಮಾ, ನಿಮ್ಮ ಸಲಹೆಯಂತೆ ಹಿಂದಿನ ಬಿಲ್ಲುಗಳನ್ನು ಕೇಳಿದೆ. ಮಾಲೀಕರು ಮೊದಲು ಸ್ವಲ್ಪ ಹಿಂಜರಿದರೂ ಮರುದಿನ 12 ತಿಂಗಳದನ್ನೂ ಕಳುಹಿಸಿಕೊಟ್ಟರು. ಹಿಂದೆ ಇದ್ದವರೂ ಇಬ್ಬರೇ. ಅವರ ಒಟ್ಟು ಬಳಕೆ 2,310 ಯೂನಿಟ್. ತಿಂಗಳಿಗೆ 150ರ ಲೆಕ್ಕದಲ್ಲಿ ಮಿತಿ ವರ್ಷಕ್ಕೆ 1,800 ಆಗುತ್ತದೆ. ಅಂದರೆ ಹಿಂದಿನವರೇ ಅದನ್ನು 510 ಯೂನಿಟ್‌ಗಳಷ್ಟು ದಾಟಿದ್ದರು. ಇದನ್ನು ತೋರಿಸಿ ಕೇಳಿದಾಗ, 150 ಎಂಬುದು ಬಹಳ ವರ್ಷಗಳ ಹಿಂದೆ, ಒಲೆ ಗ್ಯಾಸಿನದಾಗಿದ್ದಾಗ ಇಟ್ಟುಕೊಂಡ ಸಂಖ್ಯೆ, ಆಮೇಲೆ ಯಾರೂ ಕೇಳದ ಕಾರಣ ಹಾಗೆಯೇ ಉಳಿದುಬಂತು ಎಂದರು. ನಾನು ಅವರ ಮಾತನ್ನು ನಂಬುತ್ತೇನೆ. ವರ್ಷಕ್ಕೆ 2,400 ಯೂನಿಟ್ ಎಂದು ಬರೆದುಕೊಡಲು ಒಪ್ಪಿದ್ದಾರೆ.

ಎರಡು ವಿಷಯಗಳಲ್ಲಿ ನನಗೆ ಇನ್ನೂ ಗೊಂದಲವಿದೆ. ಇಂಟರ್ನೆಟ್ ಸೇರಿದೆ ಎನ್ನುತ್ತಾರೆ, ಆದರೆ ಅದು ಇಡೀ ಮಹಡಿಯ ಐದು ಮನೆಗಳಿಗೂ ಒಂದೇ ಸಂಪರ್ಕ. ವೇಗ 100 ಎಂ.ಬಿ.ಪಿ.ಎಸ್. ಎಂದು ತಿಳಿಸಿದ್ದಾರೆ. ನನಗೆ ವಾರದಲ್ಲಿ ಮೂರು ದಿನ ಆನ್‌ಲೈನ್ ತರಗತಿಗಳಿರುತ್ತವೆ. ಇನ್ನೊಂದು ವಿಷಯವೆಂದರೆ, ನನ್ನ ಸಹಪಾಠಿ ಮೊದಲ ವರ್ಷದ ಕೊನೆಗೆ ಬೇರೆ ನಗರದಲ್ಲಿ ತರಬೇತಿಗೆ ಹೋಗುವ ಸಾಧ್ಯತೆಯಿದೆ. ಕರಾರು ಇಬ್ಬರ ಹೆಸರಿನಲ್ಲಿ ಒಂದೇ ಆಗಿದ್ದರೆ ಆಗ ನನ್ನ ಪಾಡೇನು?

ಉತ್ತರ – ಮೂರು ವರ್ಷ ಇಂಥ ಮನೆಯಲ್ಲಿದ್ದ ಹಳೆಯ ವಿದ್ಯಾರ್ಥಿ

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಷ್ಟ ಹೆಚ್ಚಾಗುವುದು ಅದರಲ್ಲಿ. ಇಬ್ಬರೂ ಒಂದೇ ಕರಾರಿಗೆ ಸಹಿ ಹಾಕಿ, ಬಾಡಿಗೆಗೆ “ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಹೊಣೆ” ಎಂಬ ಅರ್ಥದ ಮಾತು ಅದರಲ್ಲಿದ್ದರೆ, ಒಬ್ಬರು ಬಿಟ್ಟುಹೋದಾಗ ಉಳಿದವರಿಂದ ಪೂರ್ತಿ ಬಾಡಿಗೆಯನ್ನು ಕೇಳುವ ಅಧಿಕಾರ ಮಾಲೀಕರಿಗೆ ಇರುತ್ತದೆ. ಇದನ್ನು ತಪ್ಪಿಸಲು ಎರಡು ಉಪಾಯಗಳಿವೆ. ಕೋಣೆಗೊಂದರಂತೆ ಪ್ರತ್ಯೇಕ ಕರಾರು ಮಾಡಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಆಗ ನಿಮ್ಮ ಹೊಣೆ ನಿಮ್ಮ ಕೋಣೆಗಷ್ಟೇ. ಮಾಲೀಕರು ಅದಕ್ಕೆ ಒಪ್ಪದಿದ್ದರೆ, ಇಷ್ಟು ದಿನ ಮುಂಚಿತವಾಗಿ ತಿಳಿಸಿ ಬೇರೊಬ್ಬ ವಿದ್ಯಾರ್ಥಿನಿಯನ್ನು ಬದಲಿಗೆ ಕರೆತರಬಹುದು, ಹೊರಹೋಗುವವರ ಮುಂಗಡದ ಪಾಲನ್ನು ಒಳಬರುವವರು ಕೊಡಬೇಕು ಎಂಬ ಷರತ್ತನ್ನು ಬರೆಸಿರಿ. ಸಹಪಾಠಿ ಆತ್ಮೀಯ ಗೆಳತಿಯಾಗಿದ್ದರೂ ಇದನ್ನು ಮಾಡಿರಿ. ನಮ್ಮ ನಾಲ್ವರಲ್ಲಿ ಒಬ್ಬನು ನಡುವೆ ಬಿಟ್ಟುಹೋದಾಗ ಹಣಕ್ಕಿಂತ ಹೆಚ್ಚಾಗಿ ಸ್ನೇಹವೇ ಹಾಳಾಯಿತು. ಬರೆದಿಟ್ಟಿದ್ದರೆ ಅವನ ಮೇಲೆ ನಾವು ಮುನಿಸಿಕೊಳ್ಳುವ ಕಾರಣವೇ ಇರುತ್ತಿರಲಿಲ್ಲ.

ತಲೆಗೆ ಇಷ್ಟು ಯೂನಿಟ್ ಎಂಬ ಮಾತೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2,400ನ್ನು ಇಬ್ಬರಿಗೂ 1,200ರಂತೆ ಹಂಚಿ ಬರೆಸಿದರೆ, ಹೊಸಬರು ಬಂದ ದಿನದ ಮೀಟರ್ ಅಂಕಿಯಿಂದ ಅವರ ಲೆಕ್ಕ ಆರಂಭವಾಗುತ್ತದೆ. ಹೀಗೆ ಮಾಡಿದರೂ ಒಂದೇ ಮೀಟರ್ ಇರುವಾಗ ಯಾರು ಎಷ್ಟು ಬಳಸಿದರು ಎಂಬುದು ಪೂರ್ತಿ ತಿಳಿಯುವುದಿಲ್ಲ, ಅದನ್ನು ನಿಮ್ಮ ನಿಮ್ಮಲ್ಲೇ ಮಾತನಾಡಿಕೊಳ್ಳಬೇಕು.

ಉತ್ತರ – ವಿದ್ಯುತ್ ಎಂಜಿನಿಯರಿಂಗ್ ಓದಿದವರು

ಇಂಟರ್ನೆಟ್ ಬಗ್ಗೆ ನಾನು ಹೇಳುತ್ತೇನೆ. 100 ಎಂ.ಬಿ.ಪಿ.ಎಸ್. ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಸೆಕೆಂಡಿಗೆ 12.5 ಮೆಗಾಬೈಟ್ ಇಳಿಸಿಕೊಳ್ಳಬಹುದು. ಐದು ಮನೆಗಳಲ್ಲಿ ಇಬ್ಬಿಬ್ಬರಿದ್ದು ಹತ್ತು ಮಂದಿಯೂ ಒಟ್ಟಿಗೆ ಬಳಸಿದರೆ ತಲೆಗೆ 10 ಮೆಗಾಬಿಟ್ ಬರುತ್ತದೆ. ಒಂದು ಆನ್‌ಲೈನ್ ತರಗತಿಗೆ ಅದು ಸಾಕು. ತೊಂದರೆ ಬರುವುದು ಹೆಚ್ಚಾಗಿ ಬೇರೆ ಕಡೆಯಿಂದ. ಕೆಲವು ಸಂಪರ್ಕಗಳಲ್ಲಿ ಇಳಿಸಿಕೊಳ್ಳುವ ವೇಗ 100 ಇದ್ದರೂ ಕಳುಹಿಸುವ ವೇಗ ಅದರ ಒಂದು ಸಣ್ಣ ಭಾಗ ಮಾತ್ರ ಇರುತ್ತದೆ, ಮತ್ತು ತರಗತಿಯಲ್ಲಿ ನಿಮ್ಮ ಮುಖ, ಧ್ವನಿ ಎರಡೂ ಹೋಗುವುದು ಈ ಕಳುಹಿಸುವ ದಾರಿಯಲ್ಲೇ. ರೌಟರ್ ಮಹಡಿಯ ಇನ್ನೊಂದು ತುದಿಯಲ್ಲಿದ್ದರೆ ನಡುವಿನ ಗೋಡೆಗಳನ್ನು ದಾಟುವಷ್ಟರಲ್ಲಿ ಸಂಕೇತ ಕುಗ್ಗುತ್ತದೆ. 5 ಗಿಗಾಹರ್ಟ್ಸ್ ತರಂಗಗಳು ವೇಗವಾದರೂ ಗೋಡೆಗಳನ್ನು ದಾಟುವುದರಲ್ಲಿ 2.4 ಗಿಗಾಹರ್ಟ್ಸ್‌ಗಿಂತ ದುರ್ಬಲ.

ಆದ್ದರಿಂದ ಮನೆ ನೋಡಲು ಹೋಗುವಾಗ ಬೆಳಗಿನ ಹೊತ್ತು ಬೇಡ, ಎಲ್ಲರೂ ಮನೆ ಸೇರಿರುವ ರಾತ್ರಿ ಎಂಟು ಗಂಟೆಯ ಸುಮಾರಿಗೆ ಹೋಗಿರಿ. ನೀವು ಓದಲು ಕುಳಿತುಕೊಳ್ಳುವ ಕೋಣೆಯಲ್ಲೇ, ಬಾಗಿಲು ಮುಚ್ಚಿಕೊಂಡು, ಎರಡೂ ವೇಗಗಳನ್ನು ಪರೀಕ್ಷಿಸಿರಿ. ಸಂಪರ್ಕ ಹಲವು ದಿನ ಕೆಟ್ಟು ನಿಂತರೆ ಎಷ್ಟು ದಿನದೊಳಗೆ ಸರಿಪಡಿಸಬೇಕು, ಸರಿಪಡಿಸದಿದ್ದರೆ ಬಾಡಿಗೆಯಲ್ಲಿ ಎಷ್ಟು ಕಡಿತ ಎಂಬುದನ್ನೂ ಕರಾರಿನಲ್ಲಿ ಸೇರಿಸಲು ಕೇಳಬಹುದು. ಎಲ್ಲ ಸೇರಿದ ಬಾಡಿಗೆಯಲ್ಲಿ ನೀವು ಅದಕ್ಕೂ ಹಣ ಕೊಡುತ್ತಿರುವಿರಿ, ಆದರೆ ಸಂಪರ್ಕ ನಿಮ್ಮ ಹೆಸರಿನಲ್ಲಿಲ್ಲದ ಕಾರಣ ದೂರು ಕೊಡಲು ನಿಮಗೆ ದಾರಿಯಿರುವುದಿಲ್ಲ.

ಉತ್ತರ – ವಿದ್ಯಾರ್ಥಿಗಳಿಗೆ ಮನೆ ಬಾಡಿಗೆಗೆ ಕೊಡುತ್ತಿರುವ ಗೃಹಿಣಿ

ಮನೆಯನ್ನು ಕಣ್ಣಾರೆ ನೋಡದೆ ಮುಂಗಡ ಕಳುಹಿಸಬೇಡಮ್ಮಾ, ಮಾಲೀಕರು ಎಷ್ಟೇ ಒಳ್ಳೆಯವರಾಗಿ ಮಾತನಾಡಿದರೂ. ನೀನೇ ಹೋಗಲು ಆಗದಿದ್ದರೆ ಆ ನಗರದಲ್ಲಿರುವ ನಂಬಿಕಸ್ತರನ್ನು ಕಳುಹಿಸು. ಬೀಗದ ಕೈ ಪಡೆಯುವ ದಿನ ಮೀಟರಿನ ಅಂಕಿ, ಗೋಡೆಯ ಕಲೆ, ಪೀಠೋಪಕರಣ, ಗೀಸರ್ ಎಲ್ಲದರ ಚಿತ್ರ ತೆಗೆದು ಅದೇ ದಿನ ಮಾಲೀಕರಿಗೆ ಕಳುಹಿಸಿಬಿಡು. ಆಮೇಲೆ ಪ್ರತಿ ತಿಂಗಳ ಒಂದನೆಯ ತಾರೀಖಿಗೆ ಮೀಟರಿನ ಚಿತ್ರ ಒಂದನ್ನು ಕಳುಹಿಸುತ್ತಿರು. ನನ್ನ ಬಾಡಿಗೆದಾರರಿಗೆಲ್ಲ ನಾನೇ ಹೀಗೆ ಮಾಡಲು ಹೇಳಿದ್ದೇನೆ, ಮನೆ ಬಿಡುವ ದಿನ ನಮ್ಮ ನಡುವೆ ಇದುವರೆಗೆ ಮಾತು ಬೆಳೆದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಳೆದ ಶನಿವಾರ ಅಣ್ಣನ ಜೊತೆ ಹೋಗಿ ಎರಡೂ ಮನೆಗಳನ್ನು ನೋಡಿ ಬಂದೆ. ಎರಡನೆಯ ಮನೆಯಲ್ಲಿ ತೊಟ್ಟಿಗೆ ಬಣ್ಣ ಹಾಕಿ ನೋಡಿದಾಗ ಐದೇ ನಿಮಿಷದಲ್ಲಿ ಬೋಗುಣಿಯಲ್ಲಿ ಬಣ್ಣ ಕಾಣಿಸಿತು. ಸರಿಪಡಿಸಿಕೊಡುವಿರಾ ಎಂದು ಕೇಳಿದ್ದಕ್ಕೆ, ಅದು ಬಾಡಿಗೆದಾರರೇ ನೋಡಿಕೊಳ್ಳಬೇಕಾದ ಕೆಲಸ ಎಂಬ ಉತ್ತರ ಬಂತು. ಅಲ್ಲಿನ ನಿಜವಾದ ದರಗಳನ್ನು ಹಾಕಿ ವರ್ಷದ ಲೆಕ್ಕ ಮಾಡಿದಾಗ ನಾವಿರುವ ತಿಂಗಳುಗಳ ಬಿಲ್ಲು 17ರ ಸುಮಾರಿಗೆ ಬರುತ್ತದೆ. ನಿಗದಿತ ಶುಲ್ಕ ನೀವು ಊಹಿಸಿದಂತೆ 3ರ ಸುಮಾರಿನಲ್ಲೇ ಇದೆ. ಒಟ್ಟು 1,376. ಹಣದ ಲೆಕ್ಕದಲ್ಲಿ ಎರಡನೆಯ ಮನೆಯೇ 40ರಷ್ಟು ಅಗ್ಗ ಎಂಬುದು ನಿಜ.

ಆದರೂ ಮೊದಲನೆಯ ಮನೆಯನ್ನೇ ಹಿಡಿಯುತ್ತಿದ್ದೇವೆ. ಆ 40ನ್ನು ದುರಸ್ತಿಯ ಮತ್ತು ದರ ಏರಿಕೆಯ ಹೊಣೆ ನಮ್ಮ ಮೇಲೆ ಬೀಳದಿರುವುದಕ್ಕಾಗಿ ಕೊಡುತ್ತಿದ್ದೇವೆ ಎಂದು ತಿಳಿದೇ ಕೊಡುತ್ತಿದ್ದೇವೆ. ಅಪ್ಪನಿಗೂ ಹಾಗೆಯೇ ವಿವರಿಸಿ ಒಪ್ಪಿಗೆ ಪಡೆದೆ. ಮೀಟರ್ ಪರೀಕ್ಷೆಯಲ್ಲಿ ಎಲ್ಲವನ್ನೂ ಆರಿಸಿದ ಮೇಲೂ ದೀಪ ನಿಧಾನವಾಗಿ ಮಿನುಗುತ್ತಲೇ ಇತ್ತು. ಹುಡುಕಿದಾಗ ಮೆಟ್ಟಿಲಿನ ಎರಡು ದೀಪಗಳು ನಮ್ಮ ಮೀಟರಿಗೆ ಸೇರಿದ್ದು ತಿಳಿಯಿತು. ಮಾಲೀಕರಿಗೂ ಅದು ಗೊತ್ತಿರಲಿಲ್ಲವಂತೆ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಬದಲಿಸುವುದಾಗಿ ಹೇಳಿದ್ದಾರೆ. ರಾತ್ರಿ ಎಂಟಕ್ಕೆ ಓದುವ ಕೋಣೆಯಲ್ಲಿ ಇಳಿಸಿಕೊಳ್ಳುವ ವೇಗ 34, ಕಳುಹಿಸುವ ವೇಗ 9 ಬಂತು.

ಕರಾರಿನ ಹೊಸ ಕರಡಿನಲ್ಲಿ “ಸಮಂಜಸ” ಎಂಬ ಪದ ಇಲ್ಲ. ಇಬ್ಬರಿಗೂ ಪ್ರತ್ಯೇಕ ಕರಾರು, ತಲೆಗೆ ವರ್ಷಕ್ಕೆ 1,200 ಯೂನಿಟ್, ದಾಟಿದರೆ ಆ ವರ್ಷದ ಬಿಲ್ಲುಗಳ ಸರಾಸರಿ ದರ, ಪ್ರತಿ ತಿಂಗಳ ಒಂದನೆಯ ತಾರೀಖಿನ ಮೀಟರ್ ಚಿತ್ರವೇ ಇಬ್ಬರಿಗೂ ಒಪ್ಪಿಗೆಯಾದ ದಾಖಲೆ ಎಂದು ಬರೆದಿದ್ದಾರೆ. ಇಂಟರ್ನೆಟ್ ಕೆಟ್ಟರೆ ಬಾಡಿಗೆ ಕಡಿತಗೊಳಿಸುವ ಮಾತಿಗೆ ಮಾತ್ರ ಅವರು ಒಪ್ಪಲಿಲ್ಲ. ಒಂದು ವಾರದೊಳಗೆ ಸರಿಪಡಿಸುತ್ತೇವೆ ಎಂಬ ಸಾಲನ್ನಷ್ಟೇ ಸೇರಿಸಿದ್ದಾರೆ. ಸೋಮವಾರ ಸಹಿ ಹಾಕುತ್ತೇವೆ.